ನೀರಿನ ಘಟಕದ ಗೇಟು ತೆರೆಯಿರಿ: ಕೋಲಾರದ ಕಾರ್ಖಾನೆಗಳಿಗೂ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಕೋಲಾರದ ಮಾನ್ಯ ಜಿಲ್ಲಾಧಿಕಾರಿಯವರಿಗೆ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ, ನರಸಾಪುರ, ವೇಮಗಲ್ ಮತ್ತು ಮಾಲೂರಿನ ಕಾರ್ಖಾನೆಗಳ ಮುಖ್ಯಸ್ಥರಿಗೆ,

ನಮಸ್ಕಾರ.

ಬಳಸಿದ ನೀರನ್ನೇ ಶುದ್ಧ ಮಾಡಿ ಮತ್ತೆ ಬಳಸುವ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲಿವೆ. ಆ ಕಾರ್ಖಾನೆಗಳ ನೀರಿನ ಘಟಕಗಳನ್ನು ತಿಂಗಳಿಗೊಂದು ದಿನ ಸುತ್ತಲಿನ ಹಳ್ಳಿಯವರಿಗೂ ವಿದ್ಯಾರ್ಥಿಗಳಿಗೂ ತೋರಿಸುವ ಏರ್ಪಾಡು ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಸಹಾಯಧನ ಬೇಡ, ಹೊಸ ಕಟ್ಟಡ ಬೇಡ. ಗೇಟು ತೆರೆದು ಒಳಗೆ ಕರೆದು ತೋರಿಸಿದರೆ ಸಾಕು.

ನಾನು ಕೋಲಾರ ತಾಲ್ಲೂಕಿನ ರೈತ. ಬೇಸಾಯಕ್ಕೆ ಮರಳುವ ಮುನ್ನ ಕೆಲವು ವರ್ಷ ಒಂದು ಕಾರ್ಖಾನೆಯ ತ್ಯಾಜ್ಯನೀರು ಸಂಸ್ಕರಣಾ ಘಟಕದಲ್ಲಿ ಆಪರೇಟರ್ ಆಗಿದ್ದೆ. ಟೊಮೆಟೊಗೆ ಹನಿ ನೀರಾವರಿ ಪೈಪು ಎಳೆಯುವ ಇದೇ ಕೈಗಳು ಪಾಳಿಯಲ್ಲಿ ನೀರಿಗೆ ಔಷಧಿಯನ್ನು ಅಳತೆಯಾಗಿ ಬೆರೆಸುವ ಡೋಸಿಂಗ್ ಪಂಪಿನ ಗುಂಡಿ ತಿರುಗಿಸಿವೆ. ಹೀಗಾಗಿ ಕಾಂಪೌಂಡಿನ ಎರಡೂ ಕಡೆ ಏನು ಮಾತು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲೆ. ಹೊರಗಿನವರು, 'ಇವರು ನಮ್ಮ ನೀರನ್ನೆಲ್ಲ ಹೀರಿ, ಕೊಳೆಯನ್ನು ರಾತ್ರಿ ಹೊತ್ತು ಮೋರಿಗೆ ಬಿಡುತ್ತಾರೆ' ಎನ್ನುತ್ತಾರೆ. ಒಳಗಿನವರು, 'ನಾವು ಇಷ್ಟೆಲ್ಲ ಖರ್ಚು ಮಾಡಿ ಒಂದು ಹನಿಯನ್ನೂ ಹೊರಗೆ ಬಿಡದಿದ್ದರೂ ಇವರು ನಂಬುವುದಿಲ್ಲ' ಎನ್ನುತ್ತಾರೆ. ಕೆಲವು ಕಡೆ ಹೊರಗಿನವರ ಮಾತು ನಿಜ, ಕೆಲವು ಕಡೆ ಒಳಗಿನವರದ್ದು. ಯಾವುದು ಎಲ್ಲಿ ನಿಜವೆಂದು ತಿಳಿಯಲು ನೋಡದೆ ಬೇರೆ ದಾರಿಯಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಇಲ್ಲಿ ಹೆಸರಿಗೆ ನದಿ, ಮಳೆ ಬಂದಾಗ ಮಾತ್ರ ಹೊಳೆ. ಅಂತರ್ಜಲವನ್ನು ಮಿತಿಮೀರಿ ಬಳಸಿದ ಜಿಲ್ಲೆಗಳ ಪಟ್ಟಿಯಲ್ಲಿ ನಾವು ವರ್ಷಗಳಿಂದ ಇದ್ದೇವೆ. ಸಾವಿರ ಅಡಿ ದಾಟಿ ಕೊರೆದರೂ ಬರೀ ದೂಳು ಬಂದ ಕೊಳವೆಬಾವಿಗಳು ಪ್ರತಿ ಊರಿನಲ್ಲಿವೆ. ನೀರು ಬಂದ ಕಡೆಯೂ ಹಲವೆಡೆ ಅದರ ಜೊತೆಗೆ ಫ್ಲೋರೈಡ್ ಬರುತ್ತದೆ. ಇಂಥ ನೆಲದಲ್ಲಿ ಕೈಗಾರಿಕೆ ಬೇಡ ಎನ್ನುವವನು ನಾನಲ್ಲ. ಹೆದ್ದಾರಿ ಪಕ್ಕದ ಶೆಡ್ಡುಗಳಲ್ಲಿ ಇಂದು ದ್ವಿಚಕ್ರ ವಾಹನಗಳೂ ಮೊಬೈಲ್ ಫೋನುಗಳೂ ತಯಾರಾಗುತ್ತಿವೆ, ನಮ್ಮ ಮನೆಯ ಹೆಣ್ಣುಮಕ್ಕಳು ಸಮವಸ್ತ್ರ ತೊಟ್ಟು ಬಸ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದಾರೆ. ಅದು ನಿಲ್ಲಬಾರದು. ಆದರೆ ಅಲ್ಲಿ ನೀರು ಎಲ್ಲಿಂದ ಬರುತ್ತದೆ, ಎಷ್ಟು ಸಲ ತಿರುಗುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಪಕ್ಕದ ಹೊಲದವನಿಗೆ ಇದೆ.

ಕೆರೆಗಳ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ನೀರಗಂಟಿ ತೂಬು ಎತ್ತುವುದನ್ನು ಊರೇ ನೋಡುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಯಿತೆಂಬುದು ಗುಟ್ಟಾಗಿ ಉಳಿಯುವ ಸಂಗತಿಯಾಗಿರಲಿಲ್ಲ. ಕೆರೆಯಲ್ಲಿ ಎಷ್ಟು ನೀರಿದೆಯೆಂದು ಏರಿಯ ಮೇಲೆ ನಡೆದು ಹೋಗುವ ಮಗುವಿಗೂ ಗೊತ್ತಾಗುತ್ತಿತ್ತು. ಕಾರ್ಖಾನೆಯ ನೀರು ಹಾಗಲ್ಲ. ಅದು ಕೊಳವೆಯಲ್ಲಿ ಬಂದು ಕೊಳವೆಯಲ್ಲೇ ಹೋಗುತ್ತದೆ, ಅದರ ಲೆಕ್ಕ ಕಡತದಲ್ಲಿ ಕುಳಿತಿರುತ್ತದೆ.

ಕಣ್ಣಿಗೆ ಕಾಣದ ನೀರು ಎಂಥ ಅನುಮಾನ ಹುಟ್ಟಿಸುತ್ತದೆ ಎಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂಬುದು ಯೋಜನೆಯ ಅಳತೆ. ಮರುತಿಂಗಳೇ ಅಲ್ಲಿ ನೊರೆ ಎದ್ದಿತು. ಆಮೇಲೆ ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳ ತನಕ ಹೋಯಿತು. ತಡೆಯಾಜ್ಞೆಗಳು ಬಂದವು, ತೆರವಾದವು. ಕೆರೆ ತುಂಬಿದ ಊರುಗಳಲ್ಲಿ ಬತ್ತಿದ್ದ ಬಾವಿಗಳಿಗೆ ಜೀವ ಬಂದದ್ದು ನಿಜ. ಎರಡು ಹಂತದ ಸಂಸ್ಕರಣೆ (ಕೊಳೆಯನ್ನು ತಳಕ್ಕಿಳಿಸುವುದು, ಉಳಿದದ್ದನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸುವುದು) ಸಾಲದು, ಇನ್ನೂ ಸೋಸಿ ಶುದ್ಧ ಮಾಡುವ ಮೂರನೆಯ ಹಂತವೂ ಬೇಕು ಎಂಬ ಜನರ ಒತ್ತಾಯದಲ್ಲೂ ಹುರುಳಿದೆ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಎರಡನೆಯ ಹಂತವೆಂದರೆ ಏನು, ಮೂರನೆಯದೆಂದರೆ ಏನು ಎಂದು ಈ ನೀರು ಪಡೆಯುವ ರೈತನಿಗೆ ಯಾರೂ ಘಟಕದ ಮುಂದೆ ನಿಲ್ಲಿಸಿ ತೋರಿಸಲಿಲ್ಲ. ಪರವಾಗಿಯೂ ವಿರೋಧವಾಗಿಯೂ ವಾದಿಸಿದವರಲ್ಲಿ ಹೆಚ್ಚಿನವರು ಕೊಳಚೆಗೆ ಗಾಳಿ ಊದುವ ಒಂದು ಏರೇಷನ್ ಟ್ಯಾಂಕನ್ನೂ ಕಂಡವರಲ್ಲ.

ಒಮ್ಮೆ ಕಂಡವರು ಮರೆಯುವುದಿಲ್ಲ. ಲೋಹದ ಭಾಗಗಳಿಗೆ ಕ್ರೋಮಿಯಂ ಲೇಪ ಕೊಡುವ ಘಟಕದಿಂದ ಬರುವ ತೊಳೆದ ನೀರು ಹಳದಿಯಾಗಿರುತ್ತದೆ. ಆ ಹಳದಿ ಬಣ್ಣದ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಆ ನೀರಿಗೆ ಮೊದಲು ಆಮ್ಲ ಹಾಕಿ ಪಿಎಚ್ ಅನ್ನು ಎರಡು, ಮೂರರ ಆಸುಪಾಸಿಗೆ ಇಳಿಸುತ್ತೇವೆ. ನಂತರ ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕುತ್ತೇವೆ. ನೋಡುತ್ತಿದ್ದಂತೆ ಹಳದಿ ಹೋಗಿ ಎಳೆ ಹಸಿರು ಬರುತ್ತದೆ: ವಿಷಕಾರಿ ಕ್ರೋಮಿಯಂ ಕಡಿಮೆ ಅಪಾಯದ ರೂಪಕ್ಕೆ ತಿರುಗಿತು ಎಂಬುದರ ಗುರುತು ಅದು. ಈಗ ಸುಣ್ಣದ ತಿಳಿ ಬೆರೆಸಿದರೆ ಹಸಿರು ಬಣ್ಣವೆಲ್ಲ ಚಿಕ್ಕ ಚಿಕ್ಕ ಗಡ್ಡೆಗಳಾಗಿ ಒಡೆದು ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇಂಥ ಕ್ರಿಯೆಗಳನ್ನು ಸಮೀಕರಣವಾಗಿ ಉರುಹೊಡೆಯುವ ಮಕ್ಕಳು ಗಾಜಿನ ಲೋಟದಲ್ಲಿ ಇದು ನಡೆಯುವುದನ್ನು ಒಂದು ಸಲ ನೋಡಬೇಕು. ಇದಕ್ಕೆ ಬೇಕಾದದ್ದು ಎರಡು ಬೀಕರ್, ಕಾಲು ಗಂಟೆ, ಮತ್ತು ಕೆಲಸ ಗೊತ್ತಿರುವ ಒಬ್ಬ ಆಪರೇಟರ್.

ಕ್ಯಾಂಟೀನು, ಶೌಚಾಲಯಗಳಿಂದ ಬರುವ ಕೊಳಚೆಯ ಸಂಸ್ಕರಣೆ ಇನ್ನೊಂದು ಬಗೆಯದು. ಅಲ್ಲಿ ಕೆಲಸ ಮಾಡುವುದು ಔಷಧಿಯಲ್ಲ, ಸೂಕ್ಷ್ಮಜೀವಿಗಳು. ಬ್ಲೋವರ್‌ನಿಂದ ಗಾಳಿ ಊದುತ್ತಿದ್ದರೆ ಅವು ಕೊಳೆಯನ್ನು ತಿಂದು ಬೆಳೆಯುತ್ತವೆ. ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಅಳತೆಯ ಗಾಜಿನ ಕೊಳವೆಗೆ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಘಟಕದ ಆರೋಗ್ಯ ತಿಳಿಯುತ್ತದೆ. ಕಂದು ಬಣ್ಣದ ಕೆಸರು ಒಟ್ಟಾಗಿ ಇಳಿದು, ಮೇಲಿನ ನೀರು ತಿಳಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಘಟಕ ಚೆನ್ನಾಗಿದೆ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಗಾಳಿ ಸಾಲುತ್ತಿಲ್ಲ ಅಥವಾ ವಿದ್ಯುತ್ ಉಳಿಸಲು ಬ್ಲೋವರ್ ನಿಲ್ಲಿಸಿದ್ದಾರೆ. ಈ ಪರೀಕ್ಷೆಗೆ ಪದವಿ ಬೇಕಿಲ್ಲ. ಸಗಣಿ ಗೊಬ್ಬರ ಹದಕ್ಕೆ ಬಂದಿದೆಯೇ ಎಂದು ಮೂಗಿನಿಂದಲೇ ಹೇಳುವ ನಮ್ಮ ಹೆಂಗಸರು ಇದನ್ನು ಒಂದೇ ಸಲಕ್ಕೆ ಕಲಿಯುತ್ತಾರೆ.

ಇಷ್ಟಾದ ಮೇಲೆ ಮರಳು ಮತ್ತು ಇದ್ದಿಲಿನ ಸೋಸುಗಳು, ಅತಿಸೂಕ್ಷ್ಮ ರಂಧ್ರದ ಪೊರೆಗಳು, ಕೊನೆಗೆ ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ಪೊರೆಯ ಮೂಲಕ ತಳ್ಳಿ ಲವಣ ಬೇರ್ಪಡಿಸುವ ಯಂತ್ರ. ಆರ್‌ಒ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ 'ನೂರಕ್ಕೆ ನೂರು ಮರುಬಳಕೆ' ಎಂಬ ಫಲಕ ನೋಡಿದ ತಕ್ಷಣ ಜನ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ. ಆರ್‌ಒ ಲವಣವನ್ನು ನಾಶ ಮಾಡುವುದಿಲ್ಲ, ಒಂದು ಕಡೆಗೆ ಒತ್ತುತ್ತದೆ. ನೂರು ಲೀಟರ್ ಒಳಗೆ ಹೋದರೆ ಸುಮಾರು ಎಪ್ಪತ್ತೈದು ಲೀಟರ್ ಸಿಹಿ ನೀರಾಗಿ ಬರುತ್ತದೆ, ಉಳಿದ ಇಪ್ಪತ್ತೈದರಲ್ಲಿ ಅಷ್ಟೂ ಉಪ್ಪು ಸೇರಿಕೊಂಡು ನಾಲ್ಕು ಪಟ್ಟು ಗಡುಸಾಗುತ್ತದೆ. ಲೀಟರಿಗೆ 1,500 ಮಿಲಿಗ್ರಾಂ ಲವಣವಿದ್ದ ನೀರಿನ ಉಳಿಕೆಯಲ್ಲಿ 6,000 ಮಿಲಿಗ್ರಾಂ! ಇದನ್ನು ಹೊಲಕ್ಕೆ ಬಿಟ್ಟರೆ ಮಣ್ಣು ಹಾಳು. ಪ್ರಾಮಾಣಿಕ ಕಾರ್ಖಾನೆ ಇದನ್ನು ಆವಿಯಂತ್ರಕ್ಕೆ ಕಳಿಸುತ್ತದೆ. ಒಂದು ಪಾತ್ರೆಯ ಹಬೆ ಮುಂದಿನ ಪಾತ್ರೆಯನ್ನು ಕಾಯಿಸುವಂತೆ ಸಾಲಾಗಿ ಜೋಡಿಸಿ ನೀರನ್ನು ಆವಿ ಮಾಡುತ್ತಾರೆ, ಆವಿ ತಣಿದು ಮತ್ತೆ ನೀರಾಗುತ್ತದೆ, ಕೊನೆಗೆ ಒಣ ಉಪ್ಪು ಉಳಿಯುತ್ತದೆ. ಅಪಾಯಕಾರಿ ವರ್ಗದ ಉಪ್ಪು ಮತ್ತು ಕೆಸರು ದಾಬಸ್‌ಪೇಟೆಯಂಥ ಅಧಿಕೃತ ವಿಲೇವಾರಿ ಸ್ಥಳಕ್ಕೆ ಚೀಟಿಯೊಂದಿಗೆ ಹೋಗಬೇಕು. ಇಡೀ ವ್ಯವಸ್ಥೆಯಲ್ಲಿ ಅತಿ ದುಬಾರಿ ಹಂತ ಇದು. ಮೋಸ ನಡೆಯುವುದಾದರೆ ನಡೆಯುವ ಜಾಗವೂ ಇದೇ.

ಆದ್ದರಿಂದ ಘಟಕ ನೋಡಲು ಹೋದವರು ಕಾರಂಜಿ, ಹುಲ್ಲುಹಾಸು, ಮೀನು ಬಿಟ್ಟ ತೊಟ್ಟಿ ನೋಡಿ ಚಹಾ ಕುಡಿದು ವಾಪಸ್ಸಾಗಬಾರದು. ಕೆಸರು ಎಲ್ಲಿದೆ ತೋರಿಸಿ ಎಂದು ಕೇಳಬೇಕು. ನೀರು ಶುದ್ಧವಾಗಿದ್ದರೆ ಅದರಿಂದ ತೆಗೆದ ಕೊಳೆ ಎಲ್ಲೋ ಇರಲೇಬೇಕು. ಕೆಸರು ಬಾರದ ಘಟಕ ಕೆಲಸ ಮಾಡಿಲ್ಲವೆಂದೇ ಅರ್ಥ. ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್‌ನ ಬಟ್ಟೆ ಒದ್ದೆಯಿದೆಯೇ ಮುಟ್ಟಿ ನೋಡಬೇಕು. ಒಳಬರುವ, ಹೊರಹೋಗುವ ಮೀಟರುಗಳ ಅಂಕಿಯನ್ನು ಲಾಗ್ ಪುಸ್ತಕದ ಜೊತೆ ಹೋಲಿಸಬೇಕು. ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದರೆ ಅದನ್ನೂ ನೋಡಬೇಕು. ದಿನವಿಡೀ ಓಡಿದೆ ಎನ್ನುವ ಬ್ಲೋವರ್ ವಿದ್ಯುತ್ ಬಳಸದೆ ಇರಲಾರದು. ಬಂದ ನೀರಿನಲ್ಲಿ ಎಷ್ಟು ಆವಿಯಾಯಿತು, ಎಷ್ಟು ಗಿಡಕ್ಕೆ ಹೋಯಿತು, ಎಷ್ಟು ಮತ್ತೆ ಯಂತ್ರಕ್ಕೆ ಹೋಯಿತು ಎಂದು ಕೂಡಿದರೆ ಲೆಕ್ಕ ತಾಳೆಯಾಗಬೇಕು. ಚೆನ್ನಾಗಿ ನಡೆಸುವ ಕಾರ್ಖಾನೆಗೆ ಈ ಪ್ರಶ್ನೆಗಳಿಂದ ಭಯವಿಲ್ಲ. ನನ್ನ ಅನುಭವದಲ್ಲಿ ಅಂಥವರು ಇಂಥ ಪ್ರಶ್ನೆ ಕೇಳುವ ಅತಿಥಿಗಾಗಿ ಕಾಯುತ್ತಿರುತ್ತಾರೆ.

ಬೇರೆ ಊರುಗಳಲ್ಲಿ ಇದು ನಡೆದಿದೆ. ಸಿಂಗಪುರ 2003ರಲ್ಲಿ ಕೊಳಚೆಯನ್ನು ಸೂಕ್ಷ್ಮ ಸೋಸು, ಆರ್‌ಒ, ಅತಿನೇರಳೆ ಕಿರಣಗಳ ಮೂಲಕ ಹಾಯಿಸಿ ಪಡೆದ 'ನ್ಯೂವಾಟರ್' ಎಂಬ ನೀರನ್ನು ಬಳಕೆಗೆ ತಂದಾಗ, ಬೆಡೊಕ್‌ನ ಘಟಕದ ಜೊತೆಗೇ ಸಂದರ್ಶಕರ ಕೇಂದ್ರವನ್ನೂ ತೆರೆಯಿತು. ಎರಡು ದಶಕ ಶಾಲಾ ಮಕ್ಕಳು, ಗೃಹಿಣಿಯರು, ವಯಸ್ಸಾದವರು ಅಲ್ಲಿಗೆ ಹೋಗಿ ಗಾಜಿನಾಚೆಯ ಪೊರೆಗಳನ್ನು ನೋಡಿ ಬಂದರು. ಆ ನೀರಿನಲ್ಲಿ ಹೆಚ್ಚಿನ ಪಾಲು ಹೋಗುವುದು ಚಿಪ್ ತಯಾರಿಸುವಂಥ ಕಾರ್ಖಾನೆಗಳಿಗೆ. ಅಷ್ಟು ದೂರ ಹೋಗುವುದೂ ಬೇಡ. ನರಸಾಪುರದ ಮುಂದೆ ಹಾದುಹೋಗುವ ರಸ್ತೆಯಲ್ಲಿ ಚೆನ್ನೈ ದಿಕ್ಕಿಗೆ ಸಾಗಿದರೆ ಸಿಗುವ ಶ್ರೀಪೆರಂಬುದೂರು, ಒರಗಡಂ ಕಡೆಯ ಕಾರ್ಖಾನೆಗಳಿಗೆ ಚೆನ್ನೈನ ಕೋಯಂಬೇಡಿನ ಘಟಕದಿಂದ ಆರ್‌ಒ ಮಾಡಿದ ನಗರದ ಕೊಳಚೆ ನೀರು ಹೋಗುತ್ತದೆ. 2019ರಲ್ಲಿ ಕೊಡುಂಗೈಯೂರು, ಕೋಯಂಬೇಡು ಎರಡೂ ಕಡೆ ತಲಾ ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಶುರುವಾದವು. ಕಾರ್ಖಾನೆಗೆ ಕೊಳಚೆಯ ನೀರು, ಜನಕ್ಕೆ ಕೆರೆಯ ನೀರು ಎಂಬ ಈ ಹಂಚಿಕೆ ಕೋಲಾರಕ್ಕೂ ಬೇಕು. ಬೆಂಗಳೂರಿನಿಂದ ಹೇಗೂ ಸಂಸ್ಕರಿಸಿದ ನೀರು ಬರುತ್ತಿದೆ. ಅದರಲ್ಲೊಂದು ಪಾಲನ್ನು ಮೂರನೆಯ ಹಂತಕ್ಕೆ ಒಯ್ದು ಕೈಗಾರಿಕೆಗೆ ಕೊಟ್ಟು, ಅಷ್ಟರ ಮಟ್ಟಿಗೆ ಕೊಳವೆಬಾವಿಗಳನ್ನು ನಿಲ್ಲಿಸುವ ಯೋಚನೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಗಂಭೀರವಾಗಿ ಮಾಡಲಿ.

ತಿರುಪ್ಪೂರಿನ ಕತೆಯನ್ನೂ ಮರೆಯಬಾರದು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳು ನೊಯ್ಯಲ್ ನದಿಯನ್ನು ಕೆಡಿಸಿದವು, ಕೆಳಗಿನ ರೈತರು ವರ್ಷಗಟ್ಟಲೆ ನ್ಯಾಯಾಲಯ ಅಲೆದರು. ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ಆಮೇಲೆ ಅಲ್ಲಿನ ಉದ್ಯಮ ಒಂದು ಹನಿಯೂ ಹೊರಬಿಡದ ಪದ್ಧತಿಗೆ ಬಂತು, ಬಣ್ಣದ ನೀರಿನಿಂದ ಉಪ್ಪನ್ನೂ ಮರಳಿ ಪಡೆದು ಬಳಸುವುದನ್ನು ಕಲಿಯಿತು. ನದಿ ಕೆಟ್ಟ ಮೇಲೆ ಬಂದ ಬುದ್ಧಿ ಅದು. ನಮ್ಮಲ್ಲಿ ಕೆಡಿಸಲು ನದಿಯೂ ಇಲ್ಲ, ಇರುವುದು ನೆಲದಡಿಯ ನೀರು. ಅದು ಕೆಟ್ಟರೆ ನ್ಯಾಯಾಲಯವೂ ಸರಿಪಡಿಸಲಾರದು.

ಈ ಜಿಲ್ಲೆಗೆ ಇನ್ನೊಂದು ಹಳೆಯ ನೆನಪಿದೆ. ಕೆಜಿಎಫ್‌ನ ಚಿನ್ನದ ಗಣಿಗಾಗಿ ಬ್ರಿಟಿಷರ ಕಾಲದಲ್ಲೇ ಬೇತಮಂಗಲದ ಕೆರೆಯಿಂದ ನೀರು ಸೋಸಿ ಕೊಳವೆಯಲ್ಲಿ ಒಯ್ದರು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ ಸರಿ. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಬಿಸಾಡಿದ ಅದಿರಿನ ಪುಡಿಯ ಸಯನೈಡ್ ದಿಬ್ಬಗಳು ಉಳಿದವು. ಬೇಸಿಗೆಯ ಗಾಳಿಗೆ ಆ ದೂಳು ಇವತ್ತಿಗೂ ಮನೆಗಳ ಮೇಲೆ ಹಾರುತ್ತದೆ. ಉದ್ಯಮ ಬಂದು ಹೋದ ಮೇಲೆ ಏನು ಉಳಿಯುತ್ತದೆ ಎಂದು ಇಲ್ಲಿನ ಜನ ಕೇಳಿದರೆ ಅದನ್ನು ಅಭಿವೃದ್ಧಿಯ ವಿರೋಧ ಎನ್ನಬೇಡಿ.

ಗೇಟು ತೆರೆಯದಿರಲು ಕಾರ್ಖಾನೆಗಳು ಹೇಳುವ ಭದ್ರತೆ, ವ್ಯಾಪಾರದ ಗುಟ್ಟು ಎಂಬ ಆಕ್ಷೇಪಣೆಗಳಿಗೆ ಈಗ ಬರುತ್ತೇನೆ. ನಮ್ಮ ಊರಿನ ಕೆಲವು ಯುವಕರು ಒಂದು ಕಾರ್ಖಾನೆಗೆ ಪತ್ರ ಬರೆದು ಘಟಕ ನೋಡಲು ಅನುಮತಿ ಕೇಳಿದ್ದರು. ತಿಂಗಳುಗಟ್ಟಲೆ ಉತ್ತರವಿಲ್ಲ. ಗೇಟಿಗೆ ಹೋಗಿ ವಿಚಾರಿಸಿದಾಗ ಭದ್ರತೆಯ ಕಾರಣ ಹೇಳಿ ಕಳಿಸಿದರು. ಅದೇ ವಾರ ಮತ್ತೊಂದು ಕಾರ್ಖಾನೆಯವರು ಅವರನ್ನು ಒಳಗೆ ಕರೆದರು. ಅಲ್ಲಿನ ಎಂಜಿನಿಯರಮ್ಮ ಹುಡುಗರ ಕೈಗೇ ಲವಣಾಂಶ ಅಳೆಯುವ ಪೆನ್ನು ಕೊಟ್ಟು, ಒಳಬರುವ ನೀರು, ಆರ್‌ಒ ನೀರು, ಉಳಿಕೆ ನೀರು ಮೂರನ್ನೂ ಅಳೆಸಿದರು. ಹುಡುಗರು ತಾವು ತಂದಿದ್ದ ಊರಿನ ಕೊಳವೆಬಾವಿಯ ನೀರನ್ನೂ ಅಳೆದರು. ಕಾರ್ಖಾನೆ ತನ್ನ ಶೌಚಾಲಯಗಳಿಗೆ ಬಳಸುವ ಮರುಬಳಕೆಯ ನೀರಿನಲ್ಲಿ, ನಾವು ಕುಡಿಯುವ ನೀರಿನಲ್ಲಿರುವುದಕ್ಕಿಂತ ಕಡಿಮೆ ಲವಣವಿತ್ತು. ಆ ಅಂಕಿಯನ್ನು ನೋಡಿ ಅವರು ಸುಮ್ಮನಾದರು. ನಂತರ ಊರಿಗೆ ಬಂದು ಗ್ರಾಮ ಸಭೆಯಲ್ಲಿ ಕುಡಿಯುವ ನೀರಿನ ಪರೀಕ್ಷೆಯ ವರದಿ ಕೇಳಿದರು. ಒಂದು ಭೇಟಿಯಿಂದ ಇಷ್ಟು ಸಾಧ್ಯವಾಯಿತು.

ಭದ್ರತೆಯ ಮಾತು ಪೂರ್ತಿ ಸುಳ್ಳಲ್ಲ. ಆಮ್ಲದ ಡ್ರಮ್ಮುಗಳಿರುತ್ತವೆ, ಮುಚ್ಚಿದ ತೊಟ್ಟಿಗಳಲ್ಲಿ ಉಸಿರುಗಟ್ಟಿಸುವ ಅನಿಲವಿರುತ್ತದೆ, ಹಬೆಯ ಕೊಳವೆಗಳಿರುತ್ತವೆ. ಅದಕ್ಕೆ ಬೇಲಿಯಿದೆ, ಬೂಟು, ಹೆಲ್ಮೆಟ್ ಇವೆ, ಇಪ್ಪತ್ತೈದು ಜನರಿಗಿಂತ ಹೆಚ್ಚು ಬೇಡವೆಂಬ ನಿಯಮ ಮಾಡಬಹುದು. ವ್ಯಾಪಾರದ ಗುಟ್ಟಿನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀರಿನ ಘಟಕ ಸಾಮಾನ್ಯವಾಗಿ ಜಾಗದ ಹಿಂಭಾಗದ ಮೂಲೆಯಲ್ಲಿರುತ್ತದೆ. ಉತ್ಪಾದನೆಯ ವಿಭಾಗ ತುಳಿಯದೆ ಅಲ್ಲಿಗೆ ಹೋಗಿ ಬರಬಹುದು. ಮೊಬೈಲನ್ನು ಗೇಟಿನಲ್ಲಿ ಇಟ್ಟು ಹೋಗಲು ನಮ್ಮವರು ತಕರಾರು ಮಾಡುವುದಿಲ್ಲ.

ಕಾನೂನಿನ ಬಲವೂ ಇದೆ. ಅಪಾಯಕಾರಿ ತ್ಯಾಜ್ಯ ಹೊರಡಿಸುವ ಕಾರ್ಖಾನೆಗಳು ತಮ್ಮ ತ್ಯಾಜ್ಯನೀರು, ಹೊಗೆ, ಘನತ್ಯಾಜ್ಯದ ವಿವರವನ್ನು ಗೇಟಿನ ಹೊರಗೆ ಪ್ರದರ್ಶಿಸಬೇಕೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಆದೇಶಿಸಿದೆ. ದಿನಕ್ಕೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ಅಂತರ್ಜಲ ಎತ್ತುವ ಕೈಗಾರಿಕೆ ಪ್ರತಿವರ್ಷ ನೀರಿನ ಲೆಕ್ಕಪರಿಶೋಧನೆ ಮಾಡಿಸಬೇಕು, ಮೂರು ವರ್ಷಗಳಲ್ಲಿ ಬಳಕೆಯನ್ನು ಶೇಕಡ 20ರಷ್ಟಾದರೂ ಇಳಿಸಬೇಕು ಎಂದು ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ರಾಜ್ಯಕ್ಕೆ ತನ್ನದೇ ಆದ 2011ರ ಅಂತರ್ಜಲ ಕಾಯ್ದೆ ಇದೆ. ಈ ಅಳತೆಗೋಲುಗಳನ್ನು ಜಿಲ್ಲೆಯ ಪ್ರತಿ ದೊಡ್ಡ ಕಾರ್ಖಾನೆಗೂ ಹಿಡಿದು, ಬಂದ ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹಾಕಿಸಲು ಜಿಲ್ಲಾಡಳಿತಕ್ಕೆ ಏನು ಅಡ್ಡಿ?

ಮಳೆನೀರಿನದು ಮತ್ತೊಂದು ವಿಷಯ. ಕೋಲಾರಕ್ಕೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ ಒಂದು ಎಕರೆ ಚಾವಣಿಯ ಮೇಲೆ 28 ಲಕ್ಷ ಲೀಟರ್ ಬೀಳುತ್ತದೆ. ನರಸಾಪುರದ ಚಾವಣಿಗಳು ಎಷ್ಟು ಎಕರೆಯವು ಎಂದು ಹೆದ್ದಾರಿಯಿಂದಲೇ ಕಾಣುತ್ತದೆ. ಉಪ್ಪಿಲ್ಲದ ಆ ನೀರನ್ನು ಹಿಡಿದು ಬಳಸುವ ಕಾರ್ಖಾನೆ ಯಾವುದು, ಚರಂಡಿಗೆ ಬಿಡುವುದು ಯಾವುದು ಎಂದು ಜುಲೈ, ಆಗಸ್ಟ್‌ನಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಮಾಲೂರಿನ ಸಣ್ಣ ಘಟಕಗಳ ಕಷ್ಟವೂ ನನಗೆ ತಿಳಿದಿದೆ. ಹತ್ತಿಪ್ಪತ್ತು ಜನರ ಶೆಡ್ಡಿಗೆ ಆರ್‌ಒ, ಆವಿಯಂತ್ರ ಹಾಕಿಸುವ ಶಕ್ತಿಯಿಲ್ಲ. ಅಂಥವರಿಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೇ ಸಾಮೂಹಿಕ ಸಂಸ್ಕರಣಾ ಘಟಕ ಕಟ್ಟಿಕೊಡಬೇಕು. ಅವರನ್ನು ಬೈದು ಪ್ರಯೋಜನವಿಲ್ಲ. ದೊಡ್ಡವರ ಘಟಕಕ್ಕೆ ಈ ಸಣ್ಣ ಉದ್ಯಮಿಗಳನ್ನೂ ಕರೆದೊಯ್ಯಿರಿ. ತೊಳೆಯುವ ತೊಟ್ಟಿಗಳನ್ನು ಸಾಲಾಗಿಟ್ಟು ಕೊನೆಯ ತೊಟ್ಟಿಯ ನೀರನ್ನು ಹಿಂದಿನದಕ್ಕೆ ಹರಿಸಿದರೆ ಎಷ್ಟು ನೀರು ಉಳಿಯುತ್ತದೆಂದು ನೋಡಿಯಾದರೂ ಕಲಿಯಲಿ. ಅದಕ್ಕೆ ಯಂತ್ರ ಬೇಡ, ಒಂದಿಷ್ಟು ಕೊಳವೆ ಸಾಕು.

ತೋರಿಸುವವರು ಯಾರಿರಬೇಕು ಎಂಬುದು ನನಗೆ ಬಹಳ ಮುಖ್ಯ. ಪ್ರಚಾರ ವಿಭಾಗದವರು ಪರದೆಯ ಮೇಲೆ ಚಿತ್ರ ತೋರಿಸುವುದು ಬೇಡ. ಘಟಕದ ಆಪರೇಟರ್ ಮಾತನಾಡಲಿ, ಕನ್ನಡದಲ್ಲಿ, ಬೇಕಾದ ಕಡೆ ತೆಲುಗಿನಲ್ಲಿ. ಕಾರ್ಖಾನೆಯಲ್ಲಿ ಅವನಷ್ಟು ಕಡೆಗಣಿಸಲ್ಪಟ್ಟ ನೌಕರ ಇನ್ನೊಬ್ಬನಿಲ್ಲ. ರಾತ್ರಿಪಾಳಿಯಲ್ಲಿ ವಾಸನೆಯ ನಡುವೆ ನಿಂತು ಊರಿನ ನೀರನ್ನು ಕಾಯುವವನು ಅವನು. ತನ್ನ ಹಳ್ಳಿಯವರೇ ಬಂದು ಪ್ರಶ್ನೆ ಕೇಳುವ ದಿನ ಅವನ ಕೆಲಸದ ಗೌರವ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಊರು ನೋಡಲು ಬರುತ್ತದೆಂದು ಗೊತ್ತಿದ್ದರೆ ಕೆಟ್ಟ ಬ್ಲೋವರ್ ರಿಪೇರಿಗೆ ಅವನು ಬರೆದ ಚೀಟಿಗೆ ಬೇಗ ಸಹಿಯೂ ಬೀಳುತ್ತದೆ.

ಜಿಲ್ಲಾಧಿಕಾರಿಗಳೇ, ಕಾರ್ಖಾನೆಗಳ ಅರ್ಜಿಗಳನ್ನು ನೋಡುವ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. ಮೊದಲಿಗೆ ನರಸಾಪುರ, ವೇಮಗಲ್, ಮಾಲೂರಿನಿಂದ ಒಂದೊಂದು ಕಾರ್ಖಾನೆ ಒಪ್ಪಿದರೆ ಸಾಕು. ಪ್ರತಿ ತಿಂಗಳ ಎರಡನೆಯ ಶನಿವಾರ ಅನುಕೂಲ. ಮೊದಲ ತಂಡದಲ್ಲಿ ಸುತ್ತಲಿನ ಪಂಚಾಯಿತಿ ಸದಸ್ಯರು, ಕೆರೆ ಬಳಕೆದಾರರ ಸಂಘದವರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಟಮಕದ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಇರಲಿ. ಪ್ರತಿಯೊಬ್ಬರೂ ತಮ್ಮ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತರಲಿ, ಹಿಂತಿರುಗುವಾಗ ಘಟಕದ ನೀರಿನ ಮಾದರಿಯನ್ನು ಒಯ್ಯಲು ಅವರಿಗೆ ಅವಕಾಶವಿರಲಿ, ಎರಡನ್ನೂ ಸರ್ಕಾರಿ ಪ್ರಯೋಗಾಲಯದಲ್ಲಿ ಉಚಿತವಾಗಿ ಪರೀಕ್ಷಿಸಿ ಕೊಡುವ ಆದೇಶ ನಿಮ್ಮಿಂದ ಬರಲಿ. ಹೋಗುವ ಮುನ್ನ ಏನು ನೋಡಬೇಕು, ಏನು ಕೇಳಬೇಕು ಎಂದು ತಂಡಕ್ಕೆ ಹೇಳಿಕೊಡಲು ನಾನು ಯಾವ ಶನಿವಾರವಾದರೂ ಬರುತ್ತೇನೆ. ಮಾರ್ಚ್ 22ರ ವಿಶ್ವ ಜಲದಿನದೊಳಗೆ ಮೊದಲ ಭೇಟಿ ನಡೆಯುವಂತೆ ದಯವಿಟ್ಟು ದಿನಾಂಕ ಗೊತ್ತುಮಾಡಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ತಾಲ್ಲೂಕಿನ ಒಬ್ಬ ರೈತ, ಹಿಂದೆ ಸಂಸ್ಕರಣಾ ಘಟಕದ ಆಪರೇಟರ್